ಮೊಳೆ ಹೊಡೆದ ಕಿಟಕಿಗಳು

ಪುಸ್ತಕಗಳ ನಡುವೆ ಮೂವತ್ತೊಂದು ವರ್ಷ ಕೆಲಸ ಮಾಡಿದವನು ಅಂದರೆ ಜನ ಕೇಳುವ ಮೊದಲ ಪ್ರಶ್ನೆ ಒಂದೇ. “ಹಂಗಾರೆ ಭಾಳ ಓದಿರಬೇಕಲ್ರೀ ನೀವು?” ಇಲ್ಲ ಅಂದರೆ ನಂಬುವುದಿಲ್ಲ. ದೊಡ್ಡ ಮನುಷ್ಯ, ಹೇಳಿಕೊಳ್ಳುವುದಿಲ್ಲ ಅಂದುಕೊಂಡು ಇನ್ನೊಂದು ಲೋಟ ಚಹಾ ತರಿಸುತ್ತಾರೆ. ನಿಜ ಏನೆಂದರೆ, ನಾನು ಹೆಚ್ಚು ಓದಿದ್ದು ಪುಸ್ತಕಗಳ ಬೆನ್ನನ್ನು. ಯಾವ ಪುಸ್ತಕ ಯಾವ ಬೀರುವಿನಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅದರ ಒಳಗೆ ಏನಿದೆ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದೆ.

ನಮ್ಮದು ಸರ್ಕಾರದ ಗ್ರಂಥಾಲಯವಲ್ಲ. ಒಂದು ಸಂಘ ನಡೆಸುವ ವಾಚನಾಲಯ; ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು. ಸಂಘದ ಹೆಸರು ಬರೆಯುವುದಿಲ್ಲ. ಈಗಲೂ ನಡೆಯುತ್ತಿದೆ, ನಾನು ಇದ್ದಾಗಿನದಕ್ಕಿಂತ ಚೆನ್ನಾಗಿಯೇ ನಡೆಯುತ್ತಿದೆ. ಶಿಕಾರಿಪುರದ ಈಗಿನ ಗ್ರಂಥಪಾಲಕಿ ಸುಮಾ ಹೋದ ತಿಂಗಳು ಫೋನ್ ಮಾಡಿ, ಹೊಸದಾಗಿ ಇಬ್ಬರು ಕೆಲಸಕ್ಕೆ ಸೇರಿದ್ದಾರೆ, ಬಂದು ನಾಲ್ಕು ಮಾತು ಹೇಳಿ ಸರ್ ಅಂದಳು. ನಾಲ್ಕು ಮಾತು ಅಂತ ಶುರು ಮಾಡಿದರೆ ನಾನು ನಲವತ್ತಕ್ಕೂ ನಿಲ್ಲಿಸುವವನಲ್ಲ. ನಡುವೆ ಯಾರಾದರೂ ಮೊಬೈಲ್ ತೆಗೆದರೆ ಸಿಟ್ಟು ಬೇರೆ ಬರುತ್ತದೆ. ಅದಕ್ಕೇ, ಬರೆದುಕೊಡುತ್ತೇನೆ, ಓದಿಕೊಳ್ಳಲಿ ಅಂದೆ.

ಹೊಸಬರೇ, ಮೊದಲು ಇದನ್ನು ತಿಳಿದುಕೊಳ್ಳಿ. ವಾಚನಾಲಯಕ್ಕೆ ಬರುವ ಹತ್ತು ಜನರಲ್ಲಿ ಎಂಟು ಜನ ಪುಸ್ತಕಕ್ಕಾಗಿ ಬರುವುದಿಲ್ಲ. ಮೆಕ್ಕೆಜೋಳದ ರೇಟು ನೋಡಲು ಬರುತ್ತಾರೆ. ಬಸ್ಸು ತಡವಾಗಿದೆ ಅಂತ ಬರುತ್ತಾರೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದಿದೆ ಅಂತ ಬಂದು, ಪೇಪರನ್ನು ಮುಖದ ಮುಂದೆ ಹಿಡಿದು ಒಂದು ಗಂಟೆ ಸುಮ್ಮನೆ ಕೂರುವವರಿದ್ದಾರೆ. ನಮ್ಮಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ದಿನಾ ಪದಬಂಧವನ್ನು ಪೆನ್ನಿನಲ್ಲಿ ತುಂಬುತ್ತಿದ್ದರು, ಅದೂ ತಪ್ಪುತಪ್ಪಾಗಿ. ಉಳಿದವರು ಬಂದು ನನ್ನ ಮೇಲೆ ಹಾರಾಡುತ್ತಿದ್ದರು. ಇಂಥವರನ್ನು ಹೊರಗೆ ಕಳಿಸಬೇಡಿ. ಪೇಪರಿಗೆ ಬಂದವರೇ ಎಂದಾದರೊಂದು ದಿನ ಎದ್ದು ಬೀರುವಿನ ಹತ್ತಿರ ಹೋಗುವುದು. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ನನ್ನ ಜ್ಞಾಪಕಶಕ್ತಿಯ ವಿಷಯ. ಶಿಕಾರಿಪುರದ ವಾಚನಾಲಯದಲ್ಲಿ ಪುಸ್ತಕಗಳ ಪಟ್ಟಿ ಎಂಬುದು ಇರಲಿಲ್ಲ. ನಾನು ಬರುವುದಕ್ಕೆ ಮುಂಚಿನದೊಂದು ಹಳೆಯ ಪಟ್ಟಿ ಇತ್ತು, ಅರ್ಧ ಗೆದ್ದಲು ತಿಂದಿತ್ತು. ಹೊಸದು ಮಾಡಬೇಕೆಂದು ಸಂಘದವರು ಪ್ರತಿ ವರ್ಷ ಹೇಳುವುದು, ನಾನು ಆಗಲಿ ಅನ್ನುವುದು. ಮಾಡಲಿಲ್ಲ. ಯಾಕೆ ಮಾಡಬೇಕು? ಎಲ್ಲವೂ ನನ್ನ ತಲೆಯಲ್ಲಿತ್ತು. ಓದುಗರು ಹೆಸರು ಹೇಳಿದರೆ ಸಾಕು, ಕುರ್ಚಿ ಬಿಟ್ಟು ಏಳದೆ “ಮೂರನೇ ಬೀರು, ಎರಡನೇ ಸಾಲು, ನೀಲಿ ಬೆನ್ನು” ಅನ್ನುತ್ತಿದ್ದೆ. ಅವರು ಹೋಗಿ ನೋಡಿ, ಅಲ್ಲೇ ಸಿಕ್ಕಾಗ ನನ್ನ ಕಡೆ ತಿರುಗುತ್ತಿದ್ದರಲ್ಲ, ಆ ನೋಟಕ್ಕಾಗಿ ನಾನು ಕೆಲಸ ಮಾಡುತ್ತಿದ್ದೆ ಅಂದರೂ ತಪ್ಪಿಲ್ಲ.

ಒಂದು ಸಲ ಆನವಟ್ಟಿ ಕಡೆಯ ರೈತರೊಬ್ಬರು ಬಂದರು. “ಎಮ್ಮಿ ಮೇವು ಬಿಟ್ಟೈತ್ರಿ ಸಾರ್. ದನದ ಕಾಯಿಲೆ ಪುಸ್ತಕ ಐತೇನ್ರಿ?”

ಐದನೇ ಬೀರು, ಕೆಳಗಿನ ಸಾಲು, ಕಂದು ರಟ್ಟು ಅಂದೆ. ಅವರು ತೆಗೆದುಕೊಂಡು ಹೋದರು. ವಾರ ಬಿಟ್ಟು ವಾಪಸ್ಸು ತಂದರು.

“ಎಮ್ಮೆ ಹೆಂಗೈತಿ?” ಅಂತ ಕೇಳಿದೆ.

“ಎಮ್ಮಿ ಚಲೋ ಐತಿ ಬಿಡ್ರಿ, ತಾನಾಗೇ ಮೇವು ತಿಂತು. ಆದ್ರ ಇದರಾಗ ಎಮ್ಮಿ ಸುದ್ದಿನ ಇಲ್ರಿ. ಗೊಜ್ಜವಲಕ್ಕಿ ಮಾಡೋದು ಹೆಂಗ ಅಂತ ಐತಿ. ಮನಿಯಾಕಿ ಮೂರು ಥರ ಮಾಡಿದ್ಲು.”

ಆಗಿದ್ದಿಷ್ಟು. ರಟ್ಟು ಕಟ್ಟುವವನು ಎರಡು ಪುಸ್ತಕಗಳ ಹೊದಿಕೆ ಅದಲುಬದಲು ಮಾಡಿದ್ದ. ನಾನು ಎಂದೂ ಒಳಗೆ ತೆರೆದು ನೋಡಿರಲಿಲ್ಲ. ಅಡುಗೆ ಪುಸ್ತಕ ಅಂತ ಕೊಳೆತ ಗೊರಸಿನ ಚಿತ್ರಗಳನ್ನು ಯಾರು ಮನೆಗೆ ಒಯ್ದಿದ್ದರೋ, ಅವರು ಮಾತ್ರ ಹೇಳಲಿಲ್ಲ. ಆ ರೈತರ ಮಾತು ಕೇಳಿ ಬಾಗಿಲ ಬಳಿ ನಿಂತಿದ್ದ ಹಾಲಮ್ಮ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲದೆ ಆಕೆ ಸೆರಗು ಬಾಯಿಗೆ ಹಿಡಿದು ಮೆಟ್ಟಿಲ ಕಡೆ ಹೋದಳು.

ಹಾಲಮ್ಮನ ವಿಷಯ ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಕಸ ಹೊಡೆಯುವುದು, ಪುಸ್ತಕ ಒರೆಸುವುದು, ನೀರು ತುಂಬಿಸುವುದು ಆಕೆಯ ಕೆಲಸ. ದಿನಗೂಲಿ. ಹನ್ನೊಂದು ವರ್ಷ ನನ್ನ ಕೈಕೆಳಗೆ ಇದ್ದಳು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಸಂಘದವರು ಎಂದಾದರೊಂದು ದಿನ ಕಾಯಂ ಮಾಡುತ್ತಾರೆ ಅನ್ನುವ ಒಂದೇ ಆಸೆಯ ಮೇಲೆ ಆಕೆ ಬರುತ್ತಿದ್ದಳು. ಬೆಳಿಗ್ಗೆ ನನಗಿಂತ ಮುಂಚೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಒಂದು ದಿನವೂ ನಾನು ಮೊದಲು ಬಂದೆ ಅನ್ನುವುದು ಆಗಲಿಲ್ಲ.

ಈಗ ಕಿಟಕಿಗಳ ಕಥೆ. ವಾಚನಾಲಯ ಇರುವುದು ಪೇಟೆಯ ಒಂದು ಕಟ್ಟಡದ ಮಹಡಿಯ ಮೇಲೆ, ಕೆಳಗೆ ಅಂಗಡಿಗಳು, ಪಕ್ಕದಲ್ಲಿ ಓಣಿ. ನಾನು ಶಿಕಾರಿಪುರಕ್ಕೆ ಬಂದ ವರ್ಷವೇ ಹದಿನೇಳು ಪುಸ್ತಕ ಕಿಟಕಿಯಿಂದ ಇಳಿದು ಹೋದವು. ಮೇಲಿನಿಂದ ಒಬ್ಬ ಸರಳಿನ ಸಂದಿಯಲ್ಲಿ ಬಿಡುವುದು, ಕೆಳಗೆ ಇನ್ನೊಬ್ಬ ಟವೆಲ್ ಅಗಲಿಸಿ ನಿಲ್ಲುವುದು. ಕಳೆದುಹೋದ ಪುಸ್ತಕಕ್ಕೆ ಗ್ರಂಥಪಾಲಕನೇ ಉತ್ತರ ಕೊಡಬೇಕು, ಅದು ನಮ್ಮ ಕೆಲಸದ ದೊಡ್ಡ ಭಯ. ಬಡಗಿಯನ್ನು ಕರೆಸಿದೆ. ಒಂದೇ ಮಧ್ಯಾಹ್ನದಲ್ಲಿ ಒಂಬತ್ತು ಕಿಟಕಿಗಳಿಗೂ ಮೊಳೆ ಹೊಡೆಸಿದೆ. ಮುಂದಿನ ವರ್ಷ ಒಂದು ಪುಸ್ತಕವೂ ಕಾಣೆಯಾಗಲಿಲ್ಲ. ಸಂಘದ ಸಭೆಯಲ್ಲಿ ಕಾರ್ಯದರ್ಶಿಗಳು ನನ್ನ ಹೆಸರು ಹೇಳಿ ಹೊಗಳಿದರು. ಮನೆಗೆ ಹೋಗುವಾಗ ಅರ್ಧ ಕೇಜಿ ಮೈಸೂರುಪಾಕು ಒಯ್ದೆ.

ಗಾಳಿಯಾಡದ ಕೋಣೆಯಲ್ಲಿ ಮಳೆಗಾಲ ಕಳೆದರೆ ಏನಾಗುತ್ತದೆ? ಪುಸ್ತಕಕ್ಕೆ ಹುಳ ಬಿತ್ತು. ಅದಕ್ಕೂ ನನ್ನಲ್ಲಿ ಉಪಾಯವಿತ್ತು. ಗೊಬ್ಬರದ ಅಂಗಡಿಯಿಂದ ಹುಳ ಕೊಲ್ಲುವ ಬಿಳಿ ಪುಡಿ ತಂದು ಬೀರುಗಳ ಒಳಗೆಲ್ಲ ಎರಚಿಸಿದೆ. ಹೊಲಕ್ಕೆ ಹಾಕುವ ಪುಡಿ ಅದು, ಕೋಣೆಯೊಳಗೆ ಹಾಕುವುದಲ್ಲ. ಯುಗಾದಿ ಆದ ಮೇಲೆ ಒಂದು ಸಲ, ದಸರೆಗೆ ಮುಂಚೆ ಒಂದು ಸಲ, ವರ್ಷಾ ವರ್ಷಾ. ಎರಚುವವಳು ಹಾಲಮ್ಮ. ಎರಡು ದಿನ ಬಿಟ್ಟು ಒಣಬಟ್ಟೆಯಲ್ಲಿ ಒಂದೊಂದೇ ಪುಸ್ತಕ ಒರೆಸಿಡುವವಳೂ ಹಾಲಮ್ಮ. ಆ ದಿನಗಳಲ್ಲಿ ನಾನು ಸಾಮಾನ್ಯವಾಗಿ ಸೊರಬದ ಶಾಖೆಗೆ ಹೋಗುವ ಕೆಲಸ ಇಟ್ಟುಕೊಳ್ಳುತ್ತಿದ್ದೆ. ಪುಡಿಯ ವಾಸನೆಗೆ ನನಗೆ ತಲೆ ಸಿಡಿಯುತ್ತಿತ್ತು.

ಈ ಮೇಲಿನ ಸಾಲನ್ನು ಬರೆಯಲು ಎರಡು ದಿನ ತೆಗೆದುಕೊಂಡಿದ್ದೇನೆ.

ಮೂರನೆಯ ವರ್ಷದಿಂದ ಹಾಲಮ್ಮನಿಗೆ ಕೆಮ್ಮು ಶುರುವಾಯಿತು. ಅರ್ಧ ಗಂಟೆಗೊಮ್ಮೆ ಒರೆಸುವ ಬಟ್ಟೆ ಹಿಡಿದುಕೊಂಡೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ನನಗೆ ರೇಗುತ್ತಿತ್ತು.

“ಏನಮ್ಮ, ಕೆಲಸ ಒಳಗೈತೋ ಹೊರಗೈತೋ?”

“ಇಲ್ರೀ ಸಾರ್. ಸ್ವಲ್ಪ ಗಾಳಿಗೆ ಬಂದಿದ್ದೆ.”

“ಗಾಳಿ ತಗಳ್ಳಾಕ ಕೂಲಿ ಕೊಡ್ತಾರೇನು?”

ಓದುಗರ ಮುಂದೆಯೇ ಅಂದೆ. ಇಬ್ಬರು ನಕ್ಕರು. ಹಾಲಮ್ಮ ಒಳಗೆ ಬಂದು ಬಟ್ಟೆ ಕೊಡವಿ ಮತ್ತೆ ಒರೆಸತೊಡಗಿದಳು.

ಒಂದು ದಿನ ಆಕೆ ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಕೇಳಿದಳು. “ಸಾರ್, ಕೆಮ್ಮಿನ ಸುದ್ದಿ ಕಮಿಟಿಯೋರ ಮುಂದ ತೆಗೀಬ್ಯಾಡ್ರಿ. ಕಾಯಂ ಮಾಡೋ ಲಿಸ್ಟ್‌ನಾಗ ನನ್ನ ಹೆಸರು ಬಂದೈತಂತೆ. ಕಾಯಿಲೆ ಅಂದ್ರ ಹೊಡೆದುಹಾಕಿಬಿಡ್ತಾರ.”

ಆಗಲಿ ಅಂದೆ. ಕೊಟ್ಟ ಮಾತನ್ನು ಉಳಿಸಿಕೊಂಡೆ ಕೂಡ. ಯಾರಿಗೂ ಹೇಳಲಿಲ್ಲ. ಒಬ್ಬ ಬಡ ಹೆಂಗಸಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದು ನಾನು ವರ್ಷಗಟ್ಟಲೆ ನಂಬಿಕೊಂಡಿದ್ದೆ. ಕೆಮ್ಮು ಯಾಕೆ ಬಂತು ಎಂದು ಆಕೆಯನ್ನೂ ಕೇಳಲಿಲ್ಲ, ನನ್ನನ್ನೂ ಕೇಳಿಕೊಳ್ಳಲಿಲ್ಲ. ನಮ್ಮ ಕಡೆ ಮೇಲಿನವರು ಕೆಳಗಿನವರಿಗೆ ಮಾಡುವ ದಯೆ ಹೆಚ್ಚಾಗಿ ಈ ಜಾತಿಯದೇ. ಕಾಯಿಲೆಯನ್ನು ಮುಚ್ಚಿಡುತ್ತೇವೆ, ಕಾಯಿಲೆ ತಂದದ್ದನ್ನು ಮುಟ್ಟುವುದಿಲ್ಲ.

ನಿವೃತ್ತಿಗೆ ಎರಡು ವರ್ಷ ಇರುವಾಗ ನನ್ನನ್ನು ಸೊರಬಕ್ಕೆ ಹಾಕಿದರು. ಸೊರಬದ ಶಾಖೆ ಚಿಕ್ಕದು, ಜನ ಮೆತ್ತಗಿನವರು. ಗುಡವಿ ಕಡೆಯಿಂದ ಒಬ್ಬ ಅಜ್ಜ ಬರುತ್ತಿದ್ದರು. ಅವರಿಗೆ ಬೇಕಾದದ್ದು ಒಂದೇ, ಬಣ್ಣದ ಚಿತ್ರಗಳಿರುವ ಹಕ್ಕಿಗಳ ಪುಸ್ತಕ. ಅಕ್ಷರ ಓದಲು ಬರುತ್ತಿರಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು “ಇದ್ರ ಕಾಲು ಹಿಂಗಿಲ್ಲ ಮಾರಾಯ್ರೇ, ಬರ್ದೋನು ನೋಡಿಲ್ಲ ಕಾಣ್ತದೆ” ಅನ್ನುತ್ತಿದ್ದರು. ನಾನು ಒಂದು ಭಾನುವಾರ ಗುಡವಿಗೆ ಹೋಗಿ, ಹಕ್ಕಿಗಳು ಇಳಿಯುವ ಕೆರೆಯ ದಡದಲ್ಲಿ ನಿಂತು ನೋಡಿದೆ. ಅಜ್ಜ ಹೇಳಿದ್ದೇ ಸರಿ. ಆ ಪುಟದಲ್ಲಿ ಒಂದು ಚೀಟಿ ಅಂಟಿಸಿದ್ದೇನೆ, ಈಗಲೂ ಇರಬೇಕು.

ಶಿಕಾರಿಪುರದಲ್ಲಿ ನನ್ನ ಜಾಗಕ್ಕೆ ಬಂದವಳು ಸುಮಾ. ಜಡೆ ಊರಿನ ಹುಡುಗಿ, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಪಟ್ಟಿ ಇಲ್ಲದ ವಾಚನಾಲಯದಲ್ಲಿ ಆಕೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರ ಹಾಗೆ ತಡಕಾಡಬೇಕಾಯಿತು. ದಿನಕ್ಕೆ ಐದಾರು ಸಲ ಫೋನ್. ಸರ್, ಇಂಥ ಪುಸ್ತಕ ಎಲ್ಲಿದೆ? ಊಟ ಮಾಡುತ್ತಿದ್ದರೂ ಎಡಗೈಯಲ್ಲಿ ಫೋನ್ ಹಿಡಿದು ಹೇಳುತ್ತಿದ್ದೆ. ನಾನಿಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ ಎಂದು ನನ್ನ ಹೆಂಡತಿಗೆ ಕೇಳುವ ಹಾಗೆ ಹೇಳುತ್ತಿದ್ದೆ. ಆ ಹುಡುಗಿ ಒಂದು ದಿನ ರಜೆ ಹಾಕಿದರೆ ವಾಚನಾಲಯ ಮುಚ್ಚಬೇಕಿತ್ತು, ಅದು ನನಗೆ ಹೊಳೆಯಲೇ ಇಲ್ಲ. ನಾನೂ ಅಷ್ಟು ವರ್ಷ ರಜೆ ಹಾಕಿರಲಿಲ್ಲ, ಹಾಲಮ್ಮನಿಗೂ ಕೊಟ್ಟಿರಲಿಲ್ಲ.

ಒಂದು ಶನಿವಾರ ಶಿಕಾರಿಪುರಕ್ಕೆ ಹೋದಾಗ ಓಣಿಯಲ್ಲೇ ನಿಂತುಬಿಟ್ಟೆ. ಮೇಲೆ ಒಂಬತ್ತೂ ಕಿಟಕಿ ತೆರೆದಿದ್ದವು. ದಡದಡ ಮೆಟ್ಟಿಲು ಹತ್ತಿದೆ.

“ಯಾರನ್ನ ಕೇಳಿ ಮೊಳೆ ಕೀಳಿಸಿದ್ಯಮ್ಮ?”

ಸುಮಾ ಎದ್ದು ನಿಂತಳು. “ಕಾರ್ಯದರ್ಶಿಯವರನ್ನ ಕೇಳೇ ಮಾಡಿದ್ದು ಸರ್. ನಾನೂ ಒಳಗೇ ಕೂರ್ಬೇಕಲ್ದಾ? ನಾಲ್ಕು ದಿನಕ್ಕೇ ಕಣ್ಣು ಉರಿ ಬಂತು. ಅಷ್ಟು ವರ್ಷ ಎಂತಕ್ಕೆ ಮುಚ್ಚಿಟ್ಟಿದ್ರಿ?”

“ಎಂತಕ್ಕೆ ಅಂದ್ರೆ? ಪುಸ್ತಕ ಹೋಗ್ತಾವ.”

“ಜಾಲರಿ ಹಾಕ್ಸಿದೀನಿ ಸರ್.”

ಹೋಗಿ ಮುಟ್ಟಿ ನೋಡಿದೆ. ಸೊಳ್ಳೆಗೆ ಹಾಕಿಸುವ ಮಾಮೂಲಿ ತಂತಿ ಜಾಲರಿ. ನನ್ನ ಮನೆಯ ಅಡುಗೆಕೋಣೆಗೂ ಅದೇ ಇತ್ತು. ಅದು ನನಗೆ ಹನ್ನೊಂದು ವರ್ಷ ತಲೆಗೇ ಬಂದಿರಲಿಲ್ಲ. ಹೋಗಿ ಕೂತು ಪೇಪರು ಓದಿದೆ.

ಕಿಟಕಿ ತೆರೆಯಿತು, ಪುಡಿ ನಿಂತಿತು, ಆದರೆ ಹಾಲಮ್ಮನ ಎದೆ ಮೊದಲಿನಂತಾಗಲಿಲ್ಲ. ಆ ಹೊತ್ತಿಗೆ ಸರಿಯಾಗಿ ಕಾಯಂ ಮಾಡುವ ಪಟ್ಟಿಗೆ ಕಮಿಟಿ ಕೈಹಾಕಿತು. ವೈದ್ಯರ ಪ್ರಮಾಣಪತ್ರ ತರಬೇಕೆಂದರು. ಹಾಲಮ್ಮ ಹೋದಳು. ಪ್ರಮಾಣಪತ್ರ ಸಿಗಲಿಲ್ಲ, ಡಾಕ್ಟರು ಕಮಿಟಿಗೆ ಬರೆದ ಒಂದು ಚೀಟಿ ತಂದಳು. ಕಾರ್ಯದರ್ಶಿಗಳು ನನ್ನನ್ನು ಶಿಕಾರಿಪುರಕ್ಕೆ ಕರೆಸಿದರು.

ಕಾರ್ಯದರ್ಶಿ ಶಿವಾನಂದಪ್ಪನವರ ಬಗ್ಗೆ ಒಂದು ಮಾತು. ದನಿ ಏರಿಸದ ಮನುಷ್ಯ. ಏನೇ ಹೇಳಿದರೂ “ಬರಹದಲ್ಲಿ ಐತೇನ್ರಿ?” ಅನ್ನುವುದು ಅವರ ಅಭ್ಯಾಸ. ಅವರ ಹೆಂಡತಿ ಊಟಕ್ಕೆ ಕರೆದರೂ ಹಾಗೇ ಕೇಳುತ್ತಾರೆ ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಆದರೆ ಬರಹದಲ್ಲಿ ಇದ್ದದ್ದನ್ನು ಅವರು ಯಾರಿಗೂ ಹೆದರದೆ ನಡೆಸಿಕೊಡುತ್ತಿದ್ದರು. ಅಂಥ ಮೇಲಧಿಕಾರಿ ಸಿಕ್ಕರೆ, ಹೊಸಬರೇ, ಹಿಡಿದಿಟ್ಟುಕೊಳ್ಳಿ.

ವಾಚನಾಲಯದ ಮೇಜಿನ ಸುತ್ತ ನಾವು ಮೂವರು, ಕಾರ್ಯದರ್ಶಿಗಳು, ಸುಮಾ, ನಾನು. ಹಾಲಮ್ಮ ಬೀರುವಿಗೆ ಒರಗಿ ನಿಂತಿದ್ದಳು.

“ಡಾಕ್ಟ್ರು ಕ್ಷಯ ಅಲ್ಲ ಅಂತ ಬರ್ದಾರ,” ಅಂದರು ಕಾರ್ಯದರ್ಶಿಗಳು. “ಶ್ವಾಸಕೋಶ ಕೆಟ್ಟೈತಿ. ಕೆಲಸದ ಜಾಗದಾಗ ವರ್ಷಗಟ್ಟಲೆ ಏನಾರ ಪುಡಿ ಉಸಿರಿಗೆ ಹೋಗಿತ್ತಾ ಅಂತ ಕೇಳ್ಯಾರ. ಕೆಲಸದಿಂದ ಬಂದದ್ದಾದ್ರೆ ನಮ್ಮ ಜವಾಬ್ದಾರಿ, ಕಾಯಂ ಮಾಡಿ ಔಷಧೋಪಚಾರನೂ ಸಂಘನೇ ನೋಡ್ಕಳ್ಳುತ್ತ. ಮನೆಯಿಂದ ತಂದ ಕಾಯಿಲೆ ಆದ್ರೆ ಕಮಿಟಿ ಒಪ್ಪಂಗಿಲ್ಲ, ನಾಳೆಯಿಂದ ಬರಬ್ಯಾಡ ಅಂತಾರ. ಆಕೆ ಬಾಯಿಮಾತು ನಡಿಯಂಗಿಲ್ಲ. ಸುಮಾ ಬಂದಿದ್ದು ಈಚೆಗೆ. ಉಳಿದೋರು ನೀವೊಬ್ರೇ. ಯಾವ ಪುಡಿ, ಎಷ್ಟು ವರ್ಷ, ಯಾರು ಹಾಕಿಸಿದ್ರು, ನೆನಪೈತೇನ್ರಿ?”

ನಿವೃತ್ತಿಗೆ ಎಂಟು ತಿಂಗಳು ಇತ್ತು. ಒಂದು ಕಪ್ಪು ಚುಕ್ಕೆ ಇಲ್ಲದೆ ಮೂವತ್ತು ವರ್ಷ ದಾಟಿಸಿದ್ದೆ. ಹೊಗಳಿಕೆ ತಂದುಕೊಟ್ಟ ಕಿಟಕಿಗಳೇ ನನ್ನ ಕುತ್ತಿಗೆಗೆ ಬರುವುದು ಕಂಡಿತು. ಏನು ಹೇಳಬೇಕೆಂದು ಯೋಚಿಸುವ ಮೊದಲೇ ಬಾಯಿ ಹೇಳಿತು.

“ನೆನಪಿಲ್ರಿ.”

ಸುಮಾ ನನ್ನನ್ನೇ ನೋಡಿದಳು. ಹಿಂದಿನ ದಿನವಷ್ಟೇ, ಯಾರೂ ಹತ್ತು ವರ್ಷದಿಂದ ಕೇಳದ ಒಂದು ಪುಸ್ತಕವನ್ನು ಆಕೆ ಫೋನಿನಲ್ಲಿ ಕೇಳಿದ್ದಳು, ನಾನು ಬಸ್ಸಿನಲ್ಲಿ ನಿಂತುಕೊಂಡೇ ಜಾಗ ಹೇಳಿದ್ದೆ. ಆಕೆ ಅದನ್ನು ಎತ್ತಿದ್ದರೆ ನಾನು ಜಗಳವಾಡುತ್ತಿದ್ದೆ. ಎತ್ತಲಿಲ್ಲ.

ಮಾತಾಡಿದವಳು ಹಾಲಮ್ಮ. “ಇರ್ಲಿ ಬಿಡ್ರಿ. ಸಾರಿಗೂ ವಯಸ್ಸಾತು. ಎಷ್ಟಂತ ನೆನಪಿಟ್ಕಂತಾರ.” ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಉಸಿರು ತೆಗೆದುಕೊಂಡಳು. ಕೆಲಸ ಹೋಗುತ್ತಿರುವುದು ಆಕೆಯದು, ಮಾನ ಉಳಿಸಲು ಹೊರಟಿದ್ದು ನನ್ನದನ್ನು. ನನಗೆ ಗೊತ್ತಿದೆ ಎಂಬುದು ಆಕೆಗೆ ಗೊತ್ತಿತ್ತು.

ಎದ್ದು ಬಂದೆ. ಸೊರಬದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಶಿರಾಳಕೊಪ್ಪ ದಾಟುವವರೆಗೂ ನನ್ನ ಪರ ನಾನೇ ವಕಾಲತ್ತು ಮಾಡಿಕೊಂಡೆ. ಆಗ ಎಲ್ಲರೂ ಹಾಗೇ ಪುಡಿ ಹಾಕುತ್ತಿದ್ದರು. ನನಗೇನು ವಿಷ ಎಂದು ಗೊತ್ತಿತ್ತೇ? ಆದರೆ ಆ ದಿನಗಳಲ್ಲಿ ನೀನು ಯಾಕೆ ಸೊರಬಕ್ಕೆ ಹೋಗುತ್ತಿದ್ದೆ ಎಂಬ ಒಂದು ಪ್ರಶ್ನೆಗೆ ವಕಾಲತ್ತು ಬಿದ್ದುಹೋಯಿತು. ಅದೇ ದಾರಿಯಲ್ಲಿ, ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ನನಗೆ ನಾಚಿಕೆಯಾಯಿತು. ಇದಕ್ಕಿಂತ ಬೇರೆ ದೊಡ್ಡ ಮಾತು ನನ್ನಲ್ಲಿಲ್ಲ.

ಮಾರನೆಯ ಬೆಳಿಗ್ಗೆ ಶಾಖೆಯ ಬಾಗಿಲು ತೆರೆದವನೇ ಮೂರು ಹಾಳೆ ತೆಗೆದುಕೊಂಡು ಕೂತೆ. ಎಲ್ಲ ನೆನಪಿತ್ತು. ಪುಡಿಯ ಹೆಸರು, ಸಲಕ್ಕೆ ಎಷ್ಟು ಡಬ್ಬಿ, ಯಾವ ಬೀರುವಿನಿಂದ ಶುರು ಮಾಡಿಸುತ್ತಿದ್ದೆ. ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ಕೊಡಲಿಲ್ಲ ಎಂಬುದು. ಮೊದಲ ಸಲ ಕೆಮ್ಮಿದಾಗ ಆಕೆ ಯಾವ ಬೀರುವಿನ ಮುಂದೆ ಇದ್ದಳು ಎಂಬುದೂ. “ಗಾಳಿಗೆ ಹೊರಗೆ ಹೋದದ್ದಕ್ಕೆ ನಾನು ಓದುಗರೆದುರು ಬೈದಿದ್ದೇನೆ” ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಪುಡಿ ಹಾಕುವ ದಿನ ನಾನು ಬೇರೆ ಊರಿಗೆ ಹೋಗುತ್ತಿದ್ದೆ ಎಂದೂ ಬರೆದೆ. ಕೆಳಗೆ ಸಹಿ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೋಗಿ ಕಾರ್ಯದರ್ಶಿಗಳ ಕೈಗೆ ಕೊಟ್ಟೆ.

ಅವರು ಎರಡು ಸಲ ಓದಿದರು. “ಇದೀಗ ಬರಹದಲ್ಲಿ ಬಂತು. ನಿಮಗೆ ನೋಟಿಸ್ ಕೊಡದೆ ಇರಾಕಾಗಂಗಿಲ್ಲ.”

“ಕೊಡ್ರಿ.”

ಕನ್ನಡಕ ತೆಗೆದು ಒರೆಸಿಕೊಂಡರು. “ಊಟ ಆತೇನ್ರಿ?” ಅಂದರು. ಇಲ್ಲ ಅಂದೆ. ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ಹಾಕಿಸಿದರು. ಊಟದಲ್ಲಿ ಆ ಸುದ್ದಿ ತೆಗೆಯಲಿಲ್ಲ.

ನೋಟಿಸ್ ಬಂತು. ಉತ್ತರ ಕೊಟ್ಟೆ. ಎಚ್ಚರಿಕೆ ಪತ್ರವೊಂದು ನನ್ನ ಸೇವಾ ಪುಸ್ತಕಕ್ಕೆ ಸೇರಿತು. ಆ ಪುಸ್ತಕದಲ್ಲಿ ಓದಲು ಯೋಗ್ಯವಾದ ಪುಟ ಅದೊಂದೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಾಲಮ್ಮ ಕಾಯಂ ಆದಳು. ಧೂಳಿನ ಕೆಲಸ ಬಿಡಿಸಿ ಪುಸ್ತಕ ಕೊಡುವ ಮೇಜಿಗೆ ಕೂರಿಸಿದರು. ಆದೇಶ ಕೈಗೆ ಬಂದ ದಿನ ನನಗೆ ಫೋನ್ ಮಾಡಿದಳು.

“ನೆನಪಾತಂತಲ್ರಿ ಸಾರ್ ನಿಮಗ,” ಅಂದಳು.

ಹೂಂ ಅಂದೆ. ಆಕೆ ನಕ್ಕಳು. ಕೆಮ್ಮು ಬಂತು, ಫೋನ್ ಇಟ್ಟಳು.

ಉಳಿದ ತಿಂಗಳುಗಳಲ್ಲಿ ಪ್ರತಿ ಶನಿವಾರ ಶಿಕಾರಿಪುರಕ್ಕೆ ಹೋಗಿ ಪುಸ್ತಕಗಳ ಪಟ್ಟಿ ಬರೆಸಿದೆ. ನಾನು ಹೇಳುವುದು, ಸುಮಾ ಕಂಪ್ಯೂಟರಿಗೆ ಹಾಕುವುದು. ಅಲ್ಲಿ ನನಗೆ ಇನ್ನೊಂದು ಮಂಗಳಾರತಿ ಕಾದಿತ್ತು. “ವಿಷಯ ಎಂತ ಹಾಕ್ಲಿ ಸರ್?” ಎಂದು ಸುಮಾ ಕೇಳಿದಾಗಲೆಲ್ಲ ನಾನು ತಡವರಿಸುತ್ತಿದ್ದೆ, ಮೇಜಿನಿಂದ ಹಾಲಮ್ಮ ಹೇಳುತ್ತಿದ್ದಳು. “ಅದು ಬಾವಿ ತೋಡೋ ಮನುಷ್ಯನ ಕಥಿ. ಕಡೀಗೆ ನೀರು ಬೀಳಂಗಿಲ್ಲ, ಆದ್ರೂ ಚಂದ ಐತಿ.” ಒರೆಸಲು ತೆಗೆದಾಗ ಒಂದೊಂದು ಪುಟ ಓದಿಡುತ್ತಿದ್ದಳಂತೆ. ಅಕ್ಷರ ಕೂಡಿಸಿಕೊಂಡು, ಹನ್ನೊಂದು ವರ್ಷ. ಕೆಲವನ್ನು ಹಾಗೇ ಪೂರ್ತಿ ಮುಗಿಸಿದ್ದಳು. ಬೆನ್ನು ಗೊತ್ತಿದ್ದ ನಾನು ಸಾಹೇಬ, ಒಳಗು ಗೊತ್ತಿದ್ದ ಆಕೆ ಕಸ ಹೊಡೆಯುವವಳು.

ಸುಮಾ ಕೇಳಿದ್ದು ನಾಲ್ಕು ಮಾತು, ಕೊನೆಗೆ ಅವನ್ನೂ ಹೇಳಿಬಿಡುತ್ತೇನೆ. ನಿಮಗೆ ಗೊತ್ತಿರುವುದನ್ನು ಬರೆದಿಡಿ, ನೀವು ಜ್ವರ ಬಂದು ಮಲಗಿದ ದಿನವೂ ಬಾಗಿಲು ತೆರೆಯಬೇಕು. ನೀವು ಇಲ್ಲದೆ ನಡೆಯದ ಜಾಗ ಒಳ್ಳೆಯ ಜಾಗವಲ್ಲ. ಗಾಳಿಗೆ ಹೊರಗೆ ಹೋದವರನ್ನು ಕಂಡರೆ ಬೈಯುವ ಮೊದಲು ಒಳಗೆ ಹೋಗಿ ಮೂಗಾಡಿಸಿ ನೋಡಿ. ನನಗೆ ಆಗುತ್ತಿಲ್ಲ ಎಂದು ಕೆಲಸದವರು ಹೇಳಿದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡಿ, ಅದರ ಬುಡ ಹುಡುಕಿ. ಎಲ್ಲಕ್ಕಿಂತ, ಒಂದು ಕೆಲಸವನ್ನು ನೀವು ನಿಂತು ನೋಡಲೂ ಆಗದಿದ್ದರೆ ಅದನ್ನು ಇನ್ನೊಬ್ಬರಿಂದ ಮಾಡಿಸಬೇಡಿ. ಇಷ್ಟು ಕಲಿಯಲು ನನಗೆ ಇಡೀ ಸರ್ವಿಸು ಬೇಕಾಯಿತು, ಕಲಿಸಿದವರ ಎದೆಯನ್ನು ಅದು ತಿಂದಿತು.

ನಿವೃತ್ತನಾಗಿ ಈಗ ಶಿಕಾರಿಪುರದಲ್ಲೇ ಇದ್ದೇನೆ. ಬೆಳಿಗ್ಗೆ ಪೇಪರಿಗೆ ಅಂತ ಹೋಗುತ್ತೇನೆ. ಹಾಲಮ್ಮನೂ ಅದೇ ಹೊತ್ತಿಗೆ ಬರುತ್ತಾಳೆ. ಉಸಿರಿಗೆ ಎಳೆದುಕೊಳ್ಳಲು ಡಾಕ್ಟ್ರು ಕೊಟ್ಟ ಪಂಪು ಸೊಂಟದ ಚೀಲದಲ್ಲಿರುತ್ತದೆ. ಮೊದಮೊದಲು ನಾನು ಜತೆಗೆ ಮೆಟ್ಟಿಲು ಹತ್ತುವಾಗ ಆಕೆ ಉಸಿರು ಕಟ್ಟಿಕೊಂಡು ನನ್ನ ಸಮಕ್ಕೆ ಬರಲು ನೋಡುತ್ತಿದ್ದಳು. ನಿಲ್ಲು, ದಣಿವಾರಿಸಿಕೋ ಅಂದರೆ ಒಪ್ಪುವವಳಲ್ಲ. ಮೆಟ್ಟಿಲಿನ ತಿರುವಿನಲ್ಲಿ ಸುಮಾ ಒಂದು ಹೊಸ ಬೋರ್ಡು ಹಾಕಿಸಿದ್ದಾಳೆ. ನಾನು ದಿನಾ ಅದರ ಮುಂದೆ ನಿಂತು, ಕನ್ನಡಕ ಹುಡುಕಿ, ಹಾಕಿಕೊಂಡು ಓದುತ್ತೇನೆ. ಹಾಲಮ್ಮ ಪಕ್ಕದಲ್ಲಿ ಗೋಡೆ ಹಿಡಿದು ನಿಲ್ಲುತ್ತಾಳೆ.

ಮೊನ್ನೆ ಚಳಿ ಜಾಸ್ತಿ ಇತ್ತು. ಆಕೆಯ ಎದೆ ಸುಂಯ್‌ಗುಡುವುದು ನನಗೆ ಕೇಳುತ್ತಿತ್ತು. ನಾನು ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ.

“ಓದಿದ್ದಾತೇನ್ರಿ ಸಾರ್?” ಅಂದಳು, ಉಸಿರು ಸ್ವಲ್ಪ ಇಳಿದ ಮೇಲೆ.

“ತಡಿ, ಇನ್ನೂ ಎರಡು ಸಾಲು ಐತಿ.”

ಆಗಲಿ ಅಂತ ಗೋಡೆಗೆ ಒರಗಿದಳು. ಬೋರ್ಡಿನಲ್ಲಿರುವುದು ಒಂದೇ ಸಾಲು, ‘ಸಮಯ: ಬೆಳಿಗ್ಗೆ ಎಂಟರಿಂದ’. ಅದನ್ನು ಬರೆದವಳೇ ಹಾಲಮ್ಮ.